ನೆಲದಿಂದ ಒಂದು ಮೊಳ: ಗ್ಯಾರೇಜಿನಲ್ಲಿ ಕರೆಂಟ್ ವೈರ್ ಎಳೆಯುವುದು ಹೇಗೆ?

ಹೋದ ಮಳೆಗಾಲದಲ್ಲಿ ದಾವಣಗೆರೆಯ ಪಿ.ಬಿ. ರಸ್ತೆ ಪಕ್ಕದ ಒಂದು ಗ್ಯಾರೇಜಿಗೆ ವೈರಿಂಗ್ ಕೆಲಸಕ್ಕೆ ಹೋಗಿದ್ದೆ. ಸಂಜೆ ಏಳು ಗಂಟೆ ಇರಬೇಕು. ಹುಡುಗನೊಬ್ಬ ವ್ಯಾನಿನ ಕೆಳಗೆ ಮಲಗಿ ಪೆಟ್ರೋಲ್ ಟ್ಯಾಂಕಿನ ಪೈಪ್ ಬಿಚ್ಚುತ್ತಿದ್ದ. ಅವನ ಎದೆಯ ಪಕ್ಕದಲ್ಲೇ, ಒದ್ದೆ ನೆಲದ ಮೇಲೆ, 100 ವ್ಯಾಟ್ ಬಲ್ಬ್ ಉರಿಯುತ್ತಿತ್ತು. ಬಲ್ಬಿಗೆ ಜಾಲರಿ ಇಲ್ಲ. ಒಡೆದ ಹೋಲ್ಡರ್‌ಗೆ ಟೇಪ್ ಸುತ್ತಿದ್ದರು. ಅದರ ವೈರ್ ಎಲ್ಲಿಗೆ ಹೋಗುತ್ತದೆ ಅಂತ ನೋಡುತ್ತಾ ಗೋಡೆವರೆಗೆ ನಡೆದೆ. ನಡುವೆ ಮೂರು ಕಡೆ ಗಂಟು. ತುದಿಯಲ್ಲಿ ಪ್ಲಗ್ಗೇ ಇಲ್ಲ. ಎರಡು ಬರೀ ತಂತಿಗಳನ್ನು ಸಾಕೆಟ್‌ನ ತೂತಿಗೆ ಚುಚ್ಚಿ, ಜಾರದಿರಲಿ ಅಂತ ಬೆಂಕಿಕಡ್ಡಿ ಸಿಕ್ಕಿಸಿದ್ದರು.

"ಅಣ್ಣಾ, ಮುಟ್ಟಿದ್ರೆ ಜುಮ್ ಅಂತೈತಿ" ಅಂದ ಹುಡುಗ.

"ಚಪ್ಪಲಿ ಹಾಕ್ಕಂಡು ಹಿಡಿಯೋ, ಏನಾಗಲ್ಲ" ಅಂದರು ಮೇಸ್ತ್ರಿ.

ಸ್ವಿಚ್ ಆರಿಸಲು ಚಾಚಿದ ಕೈಯನ್ನು ನಾನು ಹಾಗೇ ಹಿಂದಕ್ಕೆ ತಗೊಂಡೆ. ಪೆಟ್ರೋಲ್ ವಾಸನೆ ಅಷ್ಟು ಜೋರಾಗಿತ್ತು. ಸ್ವಿಚ್ ಆರಿಸುವಾಗ ಒಳಗೆ ಸಣ್ಣ ಕಿಡಿ ಹಾರುತ್ತದೆ. ಆ ಹೊತ್ತಿಗೆ ಅಷ್ಟೇ ಸಾಕು. ಹುಡುಗನನ್ನು ಹೊರಗೆ ಕರೆದು, ಬಾಗಿಲಾಚೆ ಮೀಟರ್ ಹತ್ತಿರ ಹೋಗಿ ಮೇನ್ ಇಳಿಸಿದೆ. ಅವತ್ತು ಮೇಸ್ತ್ರಿಯವರಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆವಿ ಎಲ್ಲಿರುತ್ತದೆ?

ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೆ ಹೋಗುವುದಿಲ್ಲ. ನೀರಿನ ಹಾಗೆ ನೆಲದ ಮೇಲೆ ಹರಿದು ತಗ್ಗು ಹುಡುಕುತ್ತದೆ. ಮೈನಸ್ 40 ಡಿಗ್ರಿ ಚಳಿಯಲ್ಲೂ ಹತ್ತಿಕೊಳ್ಳುವಷ್ಟು ಆವಿ ಬಿಡುವ ಎಣ್ಣೆ ಅದು. ನಮ್ಮೂರಿನ ಏಪ್ರಿಲ್ ಮಧ್ಯಾಹ್ನದಲ್ಲಿ ಕೇಳಬೇಕೆ? ನೂರು ಪಾಲು ಗಾಳಿಯಲ್ಲಿ ಸುಮಾರು ಒಂದೂವರೆ ಪಾಲು ಆವಿ ಸೇರಿದರೂ ಒಂದು ಕಿಡಿಗೆ ಭಗ್ ಅನ್ನುತ್ತದೆ. ಎಲ್‌ಪಿಜಿ ಆಟೋಗಳ ಗ್ಯಾಸೂ ಭಾರವೇ, ಅದೂ ಕೆಳಗೇ ಕೂರುತ್ತದೆ. ಸಿಎನ್‌ಜಿ ಮಾತ್ರ ಹಗುರ, ಸೀದಾ ಶೀಟಿನ ಸೂರಿಗೆ ಹೋಗಿ ನಿಲ್ಲುತ್ತದೆ. ಹಾಗಾಗಿ ಸಿಎನ್‌ಜಿ ಗಾಡಿ ರಿಪೇರಿ ಮಾಡುವವರು ಮೇಲಿನ ಫ್ಯಾನು, ಲೈಟುಗಳ ಬಗ್ಗೆಯೂ ಯೋಚಿಸಬೇಕು.

ಅಮೆರಿಕದಲ್ಲಿ ನ್ಯಾಷನಲ್ ಎಲೆಕ್ಟ್ರಿಕಲ್ ಕೋಡ್ ಅಂತ ಒಂದು ನಿಯಮದ ಪುಸ್ತಕವಿದೆ. ಅದರ 511ನೇ ವಿಭಾಗ ಪೂರ್ತಿ ಗ್ಯಾರೇಜುಗಳ ಬಗ್ಗೆಯೇ. ಗಾಳಿ ಸರಿಯಾಗಿ ಆಡದ ರಿಪೇರಿ ಗ್ಯಾರೇಜಿನಲ್ಲಿ ನೆಲದಿಂದ 18 ಇಂಚು ಎತ್ತರದವರೆಗಿನ ಜಾಗವನ್ನು ಅದು ಅಪಾಯದ ಜಾಗ ಅಂತ ಗುರುತಿಸುತ್ತದೆ. ಗಾಳಿ ಹೊರಹಾಕುವ ಏರ್ಪಾಡಿಲ್ಲದ ಪಿಟ್ (ಗಾಡಿ ಕೆಳಗೆ ಇಳಿದು ಕೆಲಸ ಮಾಡುವ ಗುಂಡಿ) ಇದ್ದರೆ ಅದು ಇನ್ನೂ ಹೆಚ್ಚಿನ ಅಪಾಯದ ಪಟ್ಟಿಗೆ ಸೇರುತ್ತದೆ. 18 ಇಂಚು ಅಂದರೆ ಎಷ್ಟು? ಮೊಣಕೈಯಿಂದ ನಡುಬೆರಳ ತುದಿವರೆಗೆ, ನಾವು ಹೂವು ಅಳೆಯುವ ಒಂದು ಮೊಳ. ಆ ನಿಯಮ ಅಲ್ಲಿನದು. ಆದರೆ ಪೆಟ್ರೋಲ್ ಆವಿ ಅಲ್ಲೂ ಒಂದೇ, ಇಲ್ಲೂ ಒಂದೇ. ಅಳತೆ ನೆನಪಿಡುವುದೂ ಸುಲಭ, ಅಲ್ವಾ?

ಚಿತ್ರದುರ್ಗದ ಕಡೆಯವರಿಗೆ ಒಂದು ಮಾತು. ಆಷಾಢದ ಗಾಳಿಗೆ ಧೂಳು ಬರುತ್ತದೆ ಅಂತ ಶಟರ್ ಎಳೆದು ಒಳಗೆ ಕೆಲಸ ಮಾಡುತ್ತೀರಿ. ಹೊರಗೆ ಅಷ್ಟು ಗಾಳಿ ಇದ್ದರೂ ಒಳಗಿನ ಆವಿಗೆ ದಾರಿ ಇರುವುದಿಲ್ಲ. ಟ್ಯಾಂಕ್, ಫಿಲ್ಟರ್, ಕಾರ್ಬುರೇಟರ್ ಬಿಚ್ಚುವ ಕೆಲಸಕ್ಕಾದರೂ ಶಟರ್ ಪೂರ್ತಿ ತೆಗೆಯಿರಿ. ಆದರೆ ಗಾಡಿಯನ್ನೇ ಹೊರಗೆ ತಳ್ಳಿಕೊಂಡು ಮಾಡುವುದು ಎಲ್ಲಕ್ಕಿಂತ ಒಳ್ಳೆಯದು.

ಮೊದಲು ಗೋಡೆಗೆ ಗೆರೆ

ಒಂದು ಡಬ್ಬಿ ಕೆಂಪು ಪೇಂಟ್ ತಗೊಳ್ಳಿ. ಗೋಡೆಯ ಸುತ್ತ ನೆಲದಿಂದ ಒಂದು ಮೊಳ ಎತ್ತರಕ್ಕೆ ಗೆರೆ ಎಳೆಯಿರಿ. ಆ ಗೆರೆಯ ಕೆಳಗೆ ಸಾಕೆಟ್, ಸ್ವಿಚ್, ಎಕ್ಸ್‌ಟೆನ್ಷನ್ ಬಾಕ್ಸ್, ಬ್ಯಾಟರಿ ಚಾರ್ಜರ್ ಏನೂ ಇರಬಾರದು. ಇದ್ದರೆ ಮೇಲೆತ್ತಿಸಿ. ನಾನು ಸಾಕೆಟ್‌ಗಳನ್ನು ನಾಲ್ಕು ಅಡಿ ಎತ್ತರಕ್ಕೆ ಹಾಕುತ್ತೇನೆ. ನಿಂತಲ್ಲೇ ಕೈಗೆ ಸಿಗುತ್ತದೆ, ಗಾಡಿ ತೊಳೆದ ನೀರೂ ಸಿಡಿಯುವುದಿಲ್ಲ. ಎಕ್ಸ್‌ಟೆನ್ಷನ್ ಬಾಕ್ಸ್ ಇಡಲು ಗೋಡೆಗೊಂದು ಕೊಕ್ಕೆ, ಇಲ್ಲವೇ ಕೆಲಸದ ಟೇಬಲ್. ನೆಲ ಮಾತ್ರ ಬೇಡ.

ಎಂಸಿಬಿ ಇದ್ದರೆ ಸಾಲದು

"ಎಂಸಿಬಿ ಐತಲ್ಲ ಬಿಡ್ರಿ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಎಂಸಿಬಿ ಕಾಯುವುದು ವೈರನ್ನು. ಲೋಡ್ ಜಾಸ್ತಿಯಾದಾಗ, ಶಾರ್ಟ್ ಆದಾಗ ಅದು ತಾನಾಗೇ ಬಿದ್ದು ಕರೆಂಟ್ ಕಡಿಯುತ್ತದೆ. 16 ಆಂಪಿಯರ್ ಎಂಸಿಬಿ ಬೀಳಲು 16ಕ್ಕಿಂತ ಜಾಸ್ತಿ ಆಂಪಿಯರ್ ಹರಿಯಬೇಕು. ಮನುಷ್ಯನ ಜೀವ ತೆಗೆಯಲು ಒಂದು ಆಂಪಿಯರ್‌ನ ಹತ್ತನೇ ಒಂದು ಪಾಲೂ ಸಾಕು. ನಿಮ್ಮ ಹುಡುಗ ಒದ್ದಾಡುತ್ತಿದ್ದರೂ ಎಂಸಿಬಿಗೆ ಅದು ಗೊತ್ತೇ ಆಗುವುದಿಲ್ಲ.

ಅದಕ್ಕೇ ಆರ್‌ಸಿಸಿಬಿ ಬೇಕು. ಅಂಗಡಿಯಲ್ಲಿ ಇಎಲ್‌ಸಿಬಿ ಅಂತ ಕೇಳಿದರೂ ಈಗ ಇದನ್ನೇ ಕೊಡುತ್ತಾರೆ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೇ ನ್ಯೂಟ್ರಲ್‌ನಲ್ಲಿ ವಾಪಸ್ ಬಂತಾ ಅಂತ ಅದು ಸದಾ ಲೆಕ್ಕ ನೋಡುತ್ತಿರುತ್ತದೆ. ನಡುವೆ ಯಾರದೋ ಮೈ ಮೂಲಕ ನೆಲಕ್ಕೆ ಸೋರಿದರೆ ಲೆಕ್ಕ ತಪ್ಪುತ್ತದೆ, ಕೂಡಲೇ ಲೈನ್ ಕಡಿಯುತ್ತದೆ. 30 ಮಿಲಿ ಆಂಪಿಯರ್‌ನದ್ದನ್ನೇ ಕೇಳಿ ತಗೊಳ್ಳಿ. 100, 300ರವೂ ಸಿಗುತ್ತವೆ, ಅವು ಮನುಷ್ಯನನ್ನು ಕಾಯಲು ಸಾಲದು. ಅದರ ಮೇಲೆ ಟೆಸ್ಟ್ ಅಂತ ಒಂದು ಗುಂಡಿ ಇರುತ್ತದೆ. ತಿಂಗಳಿಗೊಮ್ಮೆ ಒತ್ತಿ ನೋಡಿ. ಬೀಳದಿದ್ದರೆ ಬದಲಾಯಿಸಿ. ಪದೇ ಪದೇ ಬೀಳುತ್ತದೆ ಅಂತ ಬೈಪಾಸ್ ಮಾಡಿಸುವವರಿದ್ದಾರೆ. ದಯವಿಟ್ಟು ಬೇಡ. ಎಲ್ಲೋ ಸೋರುತ್ತಿದೆ, ಅದನ್ನು ಹುಡುಕಿಸಿ.

ಒಂದು ವಿಷಯ ಗೊತ್ತಿರಲಿ. ಆರ್‌ಸಿಸಿಬಿ ಕಿಡಿಯನ್ನು ತಡೆಯುವುದಿಲ್ಲ. ಅದು ಶಾಕ್‌ಗೆ. ಬೆಂಕಿಗೆ ಆ ಒಂದು ಮೊಳವೇ ಬೇಕು.

ವೈರ್ ಹೀಗಿರಲಿ

ಎರಡು ಕೋರ್ ವೈರನ್ನು ಗ್ಯಾರೇಜಿನಲ್ಲಿ ಮರೆತುಬಿಡಿ. ಮೂರು ಕೋರ್ ಇರಲಿ, ಮೇಲ್ಹೊದಿಕೆ ದಪ್ಪ ರಬ್ಬರಿನದಾಗಿರಲಿ. ಕಂದು ಫೇಸ್, ನೀಲಿ ನ್ಯೂಟ್ರಲ್, ಹಸಿರು ಹಳದಿ ಪಟ್ಟೆಯದ್ದು ಅರ್ಥ್, ಅಂದರೆ ಯಂತ್ರದ ಮೈಗೆ ಸೋರಿದ ಕರೆಂಟನ್ನು ನೆಲಕ್ಕೆ ಒಯ್ಯುವ ತಂತಿ. ಡ್ರಿಲ್, ಸಣ್ಣ ಗ್ರೈಂಡರ್‌ಗೆ 1.5 ಚದರ ಮಿ.ಮೀ., 16 ಆಂಪಿಯರ್ ಪ್ಲಗ್‌ನ ಯಂತ್ರಗಳಿಗೆ 2.5. ಉದ್ದ ಜಾಸ್ತಿ ಇದ್ದರೆ ಇನ್ನೂ ದಪ್ಪ ಬೇಕು. ಗಂಟು ಹಾಕಿ ಟೇಪ್ ಸುತ್ತಿದ ಜಾಯಿಂಟ್ ಬೇಡವೇ ಬೇಡ. ಪೆಟ್ರೋಲ್, ಆಯಿಲ್ ತಾಗಿದರೆ ಟೇಪಿನ ಅಂಟು ಕರಗಿ ಬಿಚ್ಚಿಕೊಳ್ಳುತ್ತದೆ, ಒಳಗಿನ ತಾಮ್ರ ಹೊರಗೆ ಬರುತ್ತದೆ.

ನಿಮ್ಮ ಮೂರು ಪಿನ್ ಪ್ಲಗ್ಗನ್ನು ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಮೇಲಿನ ಪಿನ್ ಉಳಿದೆರಡಕ್ಕಿಂತ ಉದ್ದ, ದಪ್ಪ. ಸುಮ್ನೆ ಹಾಗೆ ಮಾಡಿಲ್ಲ. ಪ್ಲಗ್ ಹಾಕುವಾಗ ಅರ್ಥ್ ಮೊದಲು ಕೂಡಬೇಕು, ತೆಗೆಯುವಾಗ ಕೊನೆಗೆ ಬಿಡಬೇಕು. ಆ ಪಿನ್ ಕಿತ್ತು ಹಾಕಿ ಎರಡು ಪಿನ್ ಸಾಕೆಟ್‌ಗೆ ಚುಚ್ಚಿದ ದಿನ ಗ್ರೈಂಡರ್‌ನ ಲೋಹದ ಮೈಗೆ ಇದ್ದ ರಕ್ಷಣೆ ಹೋಯಿತು. ಚೌಕದೊಳಗೆ ಚೌಕದ ಗುರುತಿರುವ ಡಬಲ್ ಇನ್ಸುಲೇಷನ್ ಯಂತ್ರಗಳಿಗೆ ಎರಡೇ ಪಿನ್ ಬರುತ್ತದೆ, ಅದು ಸರಿ.

ಸುರುಳಿ ಸುತ್ತಿದ ಎಕ್ಸ್‌ಟೆನ್ಷನ್ ಆದರೆ ಪೂರ್ತಿ ಬಿಚ್ಚಿ ಬಳಸಿ. ಸುತ್ತಿದ ಹಾಗೇ ಬಿಟ್ಟರೆ ಒಳಗಿನ ಬಿಸಿ ಹೊರಗೆ ಹೋಗದೆ ವೈರ್ ಕರಗುತ್ತದೆ. ಟೈರ್ ಕೆಳಗೆ, ಜ್ಯಾಕ್ ಕೆಳಗೆ ವೈರ್ ಹಾಯಬಾರದು.

ಹ್ಯಾಂಡ್ ಲ್ಯಾಂಪ್, ಪಿಟ್

ನನಗೆ ಜಾಸ್ತಿ ಹೆದರಿಕೆ ಇರುವುದು ಇದರ ಬಗ್ಗೆ. ಹಳೇ ಬಲ್ಬಿನ ತಂತಿ 2000 ಡಿಗ್ರಿಗೂ ಮೇಲೆ ಕಾದಿರುತ್ತದೆ. ಗಾಜು ಸುಡುತ್ತಿರುತ್ತದೆ. ಟ್ಯಾಂಕಿನಿಂದ ನಾಲ್ಕು ಹನಿ ತಣ್ಣನೆ ಪೆಟ್ರೋಲ್ ಬಿದ್ದರೆ ಸಾಕು, ಗಾಜು ಟಪ್ ಅಂತ ಸಿಡಿಯುತ್ತದೆ. ಆ ಕಾದ ತಂತಿ ಮತ್ತು ಆವಿ ನಡುವೆ ಆಮೇಲೆ ಏನೂ ಇಲ್ಲ. ಹುಡುಗ ಗಾಡಿ ಕೆಳಗೆ ಅಂಗಾತ ಮಲಗಿರುತ್ತಾನೆ, ಎದ್ದು ಓಡಲೂ ಆಗುವುದಿಲ್ಲ.

ಆ ಅಮೆರಿಕದ ನಿಯಮದಲ್ಲಿ ಗ್ಯಾರೇಜಿನ ಹ್ಯಾಂಡ್ ಲ್ಯಾಂಪ್‌ಗೆ ಹಿಡಿ, ಕೊಕ್ಕೆ, ಗಟ್ಟಿ ಜಾಲರಿ ಇರಬೇಕು. ಹೊರಮೈ ಕರೆಂಟ್ ಹಾಯದ ವಸ್ತುವಿನದಾಗಿರಬೇಕು. ಹೋಲ್ಡರ್‌ನಲ್ಲಿ ಸ್ವಿಚ್ಚೂ ಇರಬಾರದು, ಬೇರೆ ಪ್ಲಗ್ ಸಿಕ್ಕಿಸುವ ತೂತೂ ಇರಬಾರದು. ಕಿಡಿ ಹಾರುವ ಜಾಗಗಳು ದೀಪದಲ್ಲೇ ಬೇಡ ಅನ್ನುವುದು ಅದರ ಲೆಕ್ಕ.

ನಮ್ಮಲ್ಲಿ 1948ರ ಫ್ಯಾಕ್ಟರೀಸ್ ಆಕ್ಟ್‌ಗೆ 1976ರಲ್ಲಿ 36ಎ ಅಂತ ಒಂದು ಕಲಂ ಸೇರಿಸಿದ್ದರು. ಪಿಟ್, ಟ್ಯಾಂಕಿನಂಥ ಇಕ್ಕಟ್ಟಿನ ಜಾಗದೊಳಗೆ ಬೇರೆ ಸುರಕ್ಷತಾ ಸಾಧನ ಇಲ್ಲದಿದ್ದರೆ 24 ವೋಲ್ಟ್‌ಗಿಂತ ಜಾಸ್ತಿಯ ಕೈದೀಪ ಬಳಸಬಾರದು, ಹತ್ತಿಕೊಳ್ಳುವ ಗ್ಯಾಸ್ ಇರುವ ಸಂಭವವಿದ್ದರೆ ಫ್ಲೇಮ್‌ಪ್ರೂಫ್ ದೀಪವನ್ನೇ (ಒಳಗಿನ ಬೆಂಕಿ ಹೊರಗಿನ ಆವಿಗೆ ತಾಗದ ಹಾಗೆ ಕಟ್ಟಿದ್ದು) ಬಳಸಬೇಕು ಅಂತ ಅದರಲ್ಲಿತ್ತು. ಇಬ್ಬರು ಮೂವರು ಇರುವ ಗ್ಯಾರೇಜು ಫ್ಯಾಕ್ಟರಿ ಲೆಕ್ಕಕ್ಕೆ ಬರುವುದಿಲ್ಲ. ಆದರೂ ಆ 24ರ ಹಿಂದಿನ ಲೆಕ್ಕ ನೋಡಿ. ಬೆವರಿದ ಮೈಯ ತಡೆ ಸುಮಾರು 1000 ಓಮ್ ಅಂತ ಇಟ್ಟುಕೊಳ್ಳೋಣ. 230 ವೋಲ್ಟ್ ಮುಟ್ಟಿದರೆ 230 ಮಿಲಿ ಆಂಪಿಯರ್ ಹರಿಯುತ್ತದೆ. 24 ವೋಲ್ಟ್ ಆದರೆ 24 ಮಾತ್ರ.

ಹಾಗಾಗಿ ಪಿಟ್‌ಗೆ ಇಳಿಯುವವರಿಗೆ ಫ್ಲೇಮ್‌ಪ್ರೂಫ್ ಗುರುತಿರುವ ದೀಪವನ್ನೇ ಕೊಡಿ. ವೈರ್ ಇರುವ ದೀಪವಾದರೆ 24 ವೋಲ್ಟ್‌ನದ್ದು, ಅದರ ಟ್ರಾನ್ಸ್‌ಫಾರ್ಮರ್ ಆ ಕೆಂಪು ಗೆರೆಗಿಂತ ಮೇಲೆ, ಪಿಟ್‌ನಿಂದ ದೂರ. ಟ್ರಾನ್ಸ್‌ಫಾರ್ಮರ್ ಐಸೋಲೇಷನ್ ಇರುವಂಥದ್ದೇ ಆಗಿರಬೇಕು, ಅಂದರೆ 230 ವೋಲ್ಟ್ ಕಡೆಗೂ 24 ವೋಲ್ಟ್ ಕಡೆಗೂ ನೇರ ತಂತಿ ಸಂಪರ್ಕ ಇರಬಾರದು. ಮಾಮೂಲಿ ಚಾರ್ಜಬಲ್ ಎಲ್‌ಇಡಿ ಲೈಟ್ ಶಾಕ್ ಹೊಡೆಯುವುದಿಲ್ಲ ನಿಜ, ಆದರೆ ಅದರ ಸ್ವಿಚ್ಚೂ ಕಿಡಿ ಕೊಡಬಹುದು. ಬ್ರೇಕ್, ಗೇರ್ ಕೆಲಸಕ್ಕೆ ಅದು ಸರಿ, ಪೆಟ್ರೋಲ್ ಲೈನ್ ಬಿಚ್ಚುವಾಗ ಬೇಡ.

ಡ್ರಿಲ್, ಗ್ರೈಂಡರ್, ಬ್ಯಾಟರಿ

ರಾತ್ರಿ ಲೈಟ್ ಆರಿಸಿ ಹಳೇ ಡ್ರಿಲ್ ಓಡಿಸಿ, ಅದರ ಗಾಳಿ ಕಿಂಡಿಯೊಳಗೆ ನೋಡಿ. ಕಾರ್ಬನ್ ಬ್ರಷ್ ಹತ್ತಿರ ನೀಲಿ ಕಿಡಿಗಳು ಸುತ್ತುವುದು ಕಾಣುತ್ತದೆ. ಆ ಕಿಂಡಿಯಿಂದಲೇ ಅದು ಗಾಳಿ ಎಳೆದುಕೊಳ್ಳುತ್ತದೆ, ಗಾಳಿ ಜೊತೆ ಆವಿಯನ್ನೂ. ಟ್ಯಾಂಕ್ ತೆರೆದಿರುವ ಗಾಡಿಯ ಹತ್ತಿರ ಡ್ರಿಲ್, ಗ್ರೈಂಡರ್, ವೆಲ್ಡಿಂಗ್ ಯಾವುದೂ ಬೇಡ. ಟ್ಯಾಂಕ್ ಕೆಲಸ ಮುಗಿಸಿ, ಮುಚ್ಚಿ, ಚೆಲ್ಲಿದ್ದನ್ನು ಒರೆಸಿ, ಒರೆಸಿದ ಬಟ್ಟೆಯನ್ನು ಹೊರಗೆ ಮುಚ್ಚಳವಿರುವ ಡಬ್ಬಿಗೆ ಹಾಕಿ. ಆಮೇಲೆ ಪ್ಲಗ್ ಮುಟ್ಟಿ.

ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ. ನೂರಕ್ಕೆ 4 ಪಾಲು ಸೇರಿದರೇ ಅದು ಸಿಡಿಯಬಲ್ಲದು. ಕ್ಲಿಪ್ ಹಾಕುವಾಗಲೂ ತೆಗೆಯುವಾಗಲೂ ಚಾರ್ಜರ್ ಆಫ್ ಇರಬೇಕು. ಗಾಡಿಯಿಂದ ಬ್ಯಾಟರಿ ಕಳಚುವಾಗ ನೆಗೆಟಿವ್ ಮೊದಲು. 12 ವೋಲ್ಟ್ ಶಾಕ್ ಹೊಡೆಯುವುದಿಲ್ಲ ಅಂತ ಅಸಡ್ಡೆ ಬೇಡ. ಸ್ಪ್ಯಾನರ್ ಎರಡು ಟರ್ಮಿನಲ್‌ಗೆ ತಾಗಿದರೆ ನೂರಾರು ಆಂಪಿಯರ್ ಹರಿದು ಕಿಡಿ ಹಾರುತ್ತದೆ.

ಜನರೇಟರ್ ಇದ್ದರೆ ಅದು ಹೊರಗೇ ಇರಲಿ. ಪೆಟ್ರೋಲ್ ಹಾಕುವುದು ನಿಲ್ಲಿಸಿ, ತಣ್ಣಗಾದ ಮೇಲೆ.

ಪೆಟ್ರೋಲ್ ಚೆಲ್ಲಿದರೆ, ಶಾಕ್ ಹೊಡೆದರೆ

ಚೆಲ್ಲಿದ ಕೂಡಲೇ ಎಲ್ಲರೂ ಸ್ವಿಚ್ ಕಡೆ ಓಡುತ್ತಾರೆ. ನಾನೂ ಓಡಿದವನೇ. ಒಳಗಿನ ಯಾವ ಸ್ವಿಚ್ಚನ್ನೂ ಹಾಕಬೇಡಿ, ಆರಿಸಬೇಡಿ. ಪ್ಲಗ್ ಕೀಳಬೇಡಿ, ಗಾಡಿ ಸ್ಟಾರ್ಟ್ ಮಾಡಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ, ಆಚೆಯ ಮೇನ್‌ನಿಂದ ಕರೆಂಟ್ ತೆಗೆಯಿರಿ. ಮೇನ್ ಒಳಗಿದ್ದರೆ ಈ ವಾರವೇ ಹೊರಗೆ ಹಾಕಿಸುವ ಕೆಲಸ ನೋಡಿ. ಆಮೇಲೆ ಚೆಲ್ಲಿದ್ದರ ಮೇಲೆ ಒಣ ಮರಳು ಹಾಕಿ, ವಾಸನೆ ಪೂರ್ತಿ ಹೋಗುವವರೆಗೆ ಕಾಯಿರಿ.

ಯಾರಿಗಾದರೂ ಶಾಕ್ ಹೊಡೆದು ಕೈ ಅಂಟಿಕೊಂಡಿದ್ದರೆ ಅವರನ್ನು ಮುಟ್ಟಬೇಡಿ. ಮೊದಲು ಮೇನ್. ಅದು ಆಗದಿದ್ದರೆ ಒಣ ಮರದ ಕೋಲಿನಿಂದ ವೈರ್ ಸರಿಸಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಕೈಯಿಂದ ಜೋರಾಗಿ, ಬೇಗ ಬೇಗ ಒತ್ತುತ್ತಲೇ ಇರಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಎದ್ದು ಕೂತು "ಏನಾಗಿಲ್ಲ" ಅಂದರೂ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಇಸಿಜಿ ತೆಗೆಸಿ. ಎದೆಬಡಿತದ ಏರುಪೇರು ಹೊರಗಿನಿಂದ ನೋಡಿದರೆ ಗೊತ್ತಾಗುವುದಿಲ್ಲ. ಕಂಬದ ಲೈನ್, ಸರ್ವಿಸ್ ವೈರಿನ ತೊಂದರೆಯಾದರೆ ನೀವು ಕೈ ಹಾಕಬೇಡಿ, ಬೆಸ್ಕಾಂನ 1912ಕ್ಕೆ ತಿಳಿಸಿ. ಈ ಎರಡು ನಂಬರ್‌ಗಳನ್ನು ಅದೇ ಕೆಂಪು ಪೇಂಟಿನಲ್ಲಿ ಮೇನ್ ಪಕ್ಕ ದೊಡ್ಡದಾಗಿ ಬರೆಸಿ.