ಅಜ್ಜನ ಹೆಸರಿನಲ್ಲೇ ಉಳಿದಿದ್ದ ತೋಟ: ಪೌತಿ ಖಾತೆ ಮಾಡಿಸಿದ ನನ್ನ ಅನುಭವ

2022ರ ಪುಷ್ಯ ಮಳೆಯಲ್ಲಿ ಅಪ್ಪ ತೀರಿಕೊಂಡರು. ರಾತ್ರಿ ಊಟ ಮಾಡಿ ಮಲಗಿದವರು ಬೆಳಿಗ್ಗೆ ಏಳಲಿಲ್ಲ. ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಸಿಗುವ ಒಂದು ಹಳ್ಳಿ ನಮ್ಮದು. ನಾನು ಮದುವೆಯಾಗಿ ಶಿವಮೊಗ್ಗದಲ್ಲಿದ್ದೇನೆ, ತಂಗಿ ಬೆಂಗಳೂರಿನಲ್ಲಿ. ಮನೆಯಲ್ಲಿ ಅಜ್ಜಿ, ಅಮ್ಮ, ತೋಟ ನೋಡಿಕೊಳ್ಳುವ ತಮ್ಮ. ತಿಥಿ ಮುಗಿದ ಮಾರನೇ ದಿನ ಅಪ್ಪನ ಕಬ್ಬಿಣದ ಟ್ರಂಕನ್ನು ತಮ್ಮ ಜಗುಲಿಗೆ ತಂದಿಟ್ಟ. "ಅಕ್ಕ, ಇದನ್ನ ನೀನೇ ನೋಡು, ನಂಗೆ ತಲೆಬುಡ ಗೊತ್ತಾಗಲ್ಲ" ಅಂದ.

ಮುಚ್ಚಳ ತೆಗೆದರೆ ಮಳೆಗಾಲದ ಮುಗ್ಗಲು ವಾಸನೆ. ಕಂದಾಯದ ರಸೀದಿಗಳು ತಂಡಿ ಹಿಡಿದು ಒಂದಕ್ಕೊಂದು ಅಂಟಿಕೊಂಡಿದ್ದವು. ಎಳೆದರೆ ಹರಿಯುತ್ತವೆ. ಅಮ್ಮ ಬಚ್ಚಲ ಒಲೆಗೆ ಬೆಂಕಿ ಹಾಕಿ, ಮೇಲಿನ ಅಟ್ಟದಲ್ಲಿ ಹಳೇ ಸೀರೆ ಹಾಸಿ, ಒಂದೊಂದೇ ಕಾಗದವನ್ನು ಹಪ್ಪಳ ಒಣಗಿಸಿದ ಹಾಗೆ ಒಣಗಿಸಿದರು. ಎರಡು ದಿನ ಬೇಕಾಯಿತು. ಆ ಎರಡು ದಿನ ಕುಳಿತು ಎಲ್ಲವನ್ನೂ ಓದಿದೆ. ಮುಂದೆ ಎರಡು ವರ್ಷ ನನ್ನ ಕೈ ಹಿಡಿದಿದ್ದು ಆ ಓದೇ.

ಅಪ್ಪನ ಹೆಸರಿನಲ್ಲಿದ್ದದ್ದು ಅವರೇ ಕೊಂಡ ಒಂದು ಎಕರೆ ಗದ್ದೆ ಮಾತ್ರ. ಅಡಿಕೆ ತೋಟದ ಪಹಣಿಯ 9ನೇ ಕಾಲಂನಲ್ಲಿ ಇನ್ನೂ ಅಜ್ಜನ ಹೆಸರೇ ಇತ್ತು. ಅಜ್ಜ ಹೋಗಿದ್ದು 1987ರಲ್ಲಿ. ಅವರು ಗೇಣಿದಾರರಾಗಿದ್ದವರು. 1974ರ ಭೂಸುಧಾರಣೆ ಬಂದಾಗ ಏಳನೇ ನಮೂನೆ ಅರ್ಜಿ ಹಾಕಿ, ಭೂ ನ್ಯಾಯಮಂಡಳಿಯಲ್ಲಿ ತೋಟ ತಮ್ಮದು ಮಾಡಿಕೊಂಡಿದ್ದರು. ನಮ್ಮ ಕಡೆ ಇದನ್ನು ಡಿಕ್ಲರೇಶನ್ ಜಮೀನು ಅಂತಾರೆ. ಹಾಗೆ ಸಿಕ್ಕ ಹಕ್ಕಿನ ಹತ್ತನೇ ನಮೂನೆಯ ಪ್ರಮಾಣಪತ್ರವೂ ಟ್ರಂಕಿನಲ್ಲಿತ್ತು, ಮಡಿಕೆಯ ಜಾಗದಲ್ಲಿ ಹರಿದು ನಾಲ್ಕು ತುಂಡಾಗಿತ್ತು. ಅಷ್ಟು ಕಷ್ಟಪಟ್ಟು ಪಡೆದ ತೋಟಕ್ಕೆ 35 ವರ್ಷ ಯಾರೂ ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿನಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ, ಮಾಡಿಸಿರಲಿಲ್ಲ. ಅಡಿಕೆಗೆ ಕೊಳೆ ರೋಗ ಬಂದ ವರ್ಷಗಳಲ್ಲೂ ಅಪ್ಪ ಹವಾಮಾನ ಆಧಾರಿತ ಬೆಳೆ ವಿಮೆ ಮಾಡಿಸಿರಲಿಲ್ಲ. ಯಾಕೆಂದು ಆಗ ಗೊತ್ತಾಯಿತು. ಸತ್ತವರ ಹೆಸರಿನ ಪಹಣಿ ಇಟ್ಟುಕೊಂಡು ಅವರು ಯಾರನ್ನು ಕೇಳುತ್ತಿದ್ದರು?

ಅಂದರೆ ನಾವು ಒಂದು ಸಾವಿನ ಕಾಗದದ ಕೆಲಸ ಅಂದುಕೊಂಡಿದ್ದು ನಿಜಕ್ಕೂ ಎರಡು ಸಾವಿನದಾಗಿತ್ತು.

ಮೊದಲು ಮರಣ ಪ್ರಮಾಣಪತ್ರ. ಸಾವನ್ನು 21 ದಿನದೊಳಗೆ ನೋಂದಾಯಿಸಬೇಕು. ಅಪ್ಪ ಮನೆಯಲ್ಲೇ ಹೋದ್ದರಿಂದ ಆಗ ಗ್ರಾಮ ಲೆಕ್ಕಿಗರ ಬಳಿ ಆಯಿತು. ಆಸ್ಪತ್ರೆಯಲ್ಲಿ ತೀರಿಕೊಂಡರೆ ನೋಂದಣಿ ಆ ಆಸ್ಪತ್ರೆ ಇರುವ ಊರಿನಲ್ಲೇ ಆಗುತ್ತದೆ, ನಿಮ್ಮ ಊರಿನಲ್ಲಿ ಹುಡುಕಿದರೆ ಸಿಗಲ್ಲ. ಹೆಸರಿನ ಅಕ್ಷರ ಆಧಾರ್, ಪಹಣಿ, ಪಾಸ್‌ಬುಕ್ ಮೂರರಲ್ಲೂ ಹೇಗಿದೆ ಎಂದು ನೋಡಿಕೊಂಡೇ ಬರೆಸಿ. ಇದನ್ನು ಎಷ್ಟು ಒತ್ತಿ ಹೇಳಿದರೂ ಕಮ್ಮಿ. ಅಜ್ಜನ ವಿಷಯದಲ್ಲಿ ಅದರ ಬೆಲೆ ಏನೆಂದು ಕಂಡಿದ್ದೇನೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ 1987ರ ಮರಣ ರಿಜಿಸ್ಟರ್ ಇತ್ತು. ಅಲ್ಲಿನ ಸಿಬ್ಬಂದಿಯೊಬ್ಬರು ಪುಣ್ಯಾತ್ಮರು, ಧೂಳು ಕೊಡವಿ, ಗೆದ್ದಲು ತಿಂದ ಅಂಚನ್ನು ಹುಷಾರಾಗಿ ಹಿಡಿದು ಪುಟ ತಿರುಗಿಸಿದರು. ಅಜ್ಜನ ಹೆಸರು ಸಿಕ್ಕಿತು. ಆದರೆ ಪಹಣಿಯಲ್ಲಿ ಹೆಸರಿನ ಕೊನೆಗೆ 'ಅಪ್ಪ' ಎಂದಿತ್ತು, ರಿಜಿಸ್ಟರಿನಲ್ಲಿ 'ಅಯ್ಯ'. ಇಬ್ಬರೂ ಒಬ್ಬರೇ ಎಂದು ತೋರಿಸಲು ಅಫಿಡವಿಟ್, ಹಳೇ ಕಂದಾಯ ರಸೀದಿ, ಊರ ಹಿರಿಯರ ಹೇಳಿಕೆ ಎಲ್ಲ ಬೇಕಾಯಿತು. ಎರಡು ಅಕ್ಷರಕ್ಕೆ ನಾಲ್ಕು ತಿಂಗಳು.

ಆಮೇಲೆ ನಾಡಕಚೇರಿಯಲ್ಲಿ ವಂಶವೃಕ್ಷ. ಜೋರು ತಿರುವು ಬಂದಿದ್ದು ಇಲ್ಲೇ. ಪರಿಚಯದವರೊಬ್ಬರು ತಮ್ಮನ ಕಿವಿಯಲ್ಲಿ, "ಹೆಣ್ಮಕ್ಕಳ ಹೆಸರು ಬಿಟ್ಟುಬಿಡಿ, ಕೆಲಸ ಬೇಗ ಆಗತ್ತೆ, ಎಲ್ರೂ ಹಾಗೇ ಮಾಡೋದು" ಅಂದಿದ್ದರು. ಅವನು ಬಂದು ನನಗೇ ಹೇಳಿದ. ಅವನ ಮನಸ್ಸಿನಲ್ಲಿ ಕಪಟ ಇರಲಿಲ್ಲ, ಬೇಗ ಮುಗಿಯಲಿ ಎಂಬ ಆತುರ ಅಷ್ಟೇ. ನಾನು ಹೇಳಿದೆ, "ನಾನೂ ಹೆಣ್ಮಗಳೇ ಅಲ್ವಾ ಮಾರಾಯ?" ಅವನು ತಲೆ ತಗ್ಗಿಸಿದ.

ಸುಳ್ಳು ವಂಶವೃಕ್ಷ ಕೊಡುವುದು ಅಪರಾಧ. ಅದಿರಲಿ, ಬಿಟ್ಟುಹೋದ ಒಬ್ಬರು ಹತ್ತು ವರ್ಷದ ಮೇಲೆ ದಾವೆ ಹೂಡಿದರೂ ಇಡೀ ತೋಟ ಕೋರ್ಟಿನ ಬಾಗಿಲಲ್ಲಿ ನಿಲ್ಲುತ್ತದೆ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಲ್ಲೇ ತೀರಿಕೊಂಡವನ ಹೆಂಡತಿ, ಗಂಡು ಹೆಣ್ಣು ಮಕ್ಕಳು, ತಾಯಿ ಎಲ್ಲರೂ ಮೊದಲ ವರ್ಗದ ವಾರಸುದಾರರು. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕು ಕೊಟ್ಟಿದ್ದು 2005ರ ತಿದ್ದುಪಡಿ. ಆ ಹಕ್ಕಿಗೆ 2005ರಲ್ಲಿ ತಂದೆ ಬದುಕಿರಲೇಬೇಕು ಎಂದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರ ಆಗಸ್ಟ್ 11ರಂದು ಹೇಳಿತು. 'ತಾಯಿ' ಎಂಬ ಪದವನ್ನು ಎಷ್ಟೋ ಮನೆಯವರು ಮರೆಯುತ್ತಾರೆ. ನಮ್ಮ ಅಜ್ಜಿ ಗಂಡನ ಆಸ್ತಿಗೂ ವಾರಸುದಾರಳು, ಮಗನ ಆಸ್ತಿಗೂ ವಾರಸುದಾರಳು. ಯಾರಿಗೆ ಎಷ್ಟು ಪಾಲು ಎಂಬುದು ಜಮೀನು ಯಾವ ಬಗೆಯದು ಎಂಬುದರ ಮೇಲೆ ಹೋಗುತ್ತದೆ, ಅದಕ್ಕೆ ವಕೀಲರ ಹತ್ತಿರವೇ ಕೂರಬೇಕು.

ಅಜ್ಜನಿಗೆ ಅಪ್ಪನಲ್ಲದೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡತ್ತೆ ಕೊಪ್ಪದಲ್ಲಿ, ಸಣ್ಣತ್ತೆ ಸಾಗರದಲ್ಲಿ. ಇಬ್ಬರ ಆಧಾರ್ ಪ್ರತಿಯೂ ಸಹಿಯೂ ಬೇಕಿತ್ತು. ಫೋನಿನಲ್ಲಿ ಕೇಳುವ ಮಾತಲ್ಲ ಎಂದು ಬಸ್ಸು ಹತ್ತಿದೆ. ದೊಡ್ಡತ್ತೆ ಕಾಫಿ ಕೊಟ್ಟರು, ಊಟ ಬಡಿಸಿದರು, ಅಪ್ಪನನ್ನು ನೆನೆದು ಅತ್ತರು. ನಾನು ಬ್ಯಾಗಿನಿಂದ ಫೈಲು ತೆಗೆದಿದ್ದೇ ತಡ, ಮುಖ ಗಂಟಾಯಿತು.

"ಸಹಿ ಹಾಕಿಸ್ಕೊಂಡು ಹೋಗೋಕೆ ಬಂದ್ಯಾ?"

"ಹೌದು ಅತ್ತೆ. ಹೆಸರು ಸೇರಿಸೋಕೆ."

ಅವರು ಕನ್ನಡಕ ತರಿಸಿಕೊಂಡು ವಂಶವೃಕ್ಷದ ಕರಡನ್ನು ಓದಿದರು. ಅಜ್ಜನ ಹೆಸರಿನ ಕೆಳಗೆ ತಮ್ಮ ಹೆಸರಿದ್ದ ಜಾಗಕ್ಕೆ ಬಂದು ನಿಂತರು. ಸುಮಾರು ಹೊತ್ತು ಮಾತಾಡಲಿಲ್ಲ. ಆಮೇಲೆ ನಿಧಾನಕ್ಕೆ ಹೇಳಿದರು, ಮದುವೆಯಾಗಿ ಆ ಮನೆ ಬಿಟ್ಟ ಮೇಲೆ ಆ ಮನೆಯ ಯಾವ ಕಾಗದದಲ್ಲೂ ತನ್ನ ಹೆಸರು ನೋಡಿಲ್ಲ ಅಂತ. ಅವತ್ತು ಸಹಿ ಹಾಕಿಸಿಕೊಂಡು ವಾಪಸು ಬರುವಾಗ ಬಸ್ಸಿನಲ್ಲಿ ನನಗೂ ಅಳು ತಡೆಯಲಾಗಲಿಲ್ಲ.

ಎಲ್ಲರ ಹೆಸರು ಸೇರಿಸಿ ಜಂಟಿ ಪೌತಿಗೆ ಅರ್ಜಿ ಕೊಟ್ಟೆವು. ಮರಣ ಪ್ರಮಾಣಪತ್ರ, ವಂಶವೃಕ್ಷ, ಪಹಣಿ, ಎಲ್ಲರ ಆಧಾರ್. ಗ್ರಾಮ ಲೆಕ್ಕಿಗರು ಮನೆಗೆ ಬಂದು ಅಕ್ಕಪಕ್ಕದವರ ಮುಂದೆ ಮಹಜರು ಮಾಡಿದರು. ನೋಟಿಸ್ ಹಚ್ಚಿದರು. ಯಾರ ತಕರಾರೂ ಬರಲಿಲ್ಲ. ಬರಲು ಯಾರನ್ನೂ ಬಿಟ್ಟೇ ಇರಲಿಲ್ಲವಲ್ಲ. ತಕರಾರಿಲ್ಲದ ಪೌತಿಯನ್ನು ರೆವಿನ್ಯೂ ಇನ್ಸ್‌ಪೆಕ್ಟರೇ ಮಂಜೂರು ಮಾಡುತ್ತಾರೆ. ನನ್ನ ಸಲಹೆ ಕೇಳಿದರೆ, ಪಾಲಿನ ಮಾತು ಎತ್ತುವ ಮೊದಲು ಈ ಜಂಟಿ ಖಾತೆ ಆಗಲಿ. ಪಾಲು, ಸರ್ವೆ ನಂಬರನ್ನು ಬೇರೆ ಬೇರೆ ಮಾಡುವ ಪೋಡಿ, ಅದಕ್ಕೆ ಬೇಕಾದ 11ಇ ಅಳತೆ ನಕ್ಷೆ ಎಲ್ಲ ಆಮೇಲೆ. ಎರಡನ್ನೂ ಒಟ್ಟಿಗೆ ಹಿಡಿದ ಮನೆಗಳಲ್ಲಿ ಖಾತೆಯೂ ಆಗದೆ ಪಾಲೂ ಆಗದೆ ಮಾತು ಬಿಟ್ಟಿದ್ದು ನೋಡಿದ್ದೇನೆ. ಖಾತೆಯಲ್ಲಿ ಹೆಸರು ಬಂದ ಮಾತ್ರಕ್ಕೆ ಒಡೆತನ ತೀರ್ಮಾನ ಆಗಲ್ಲ ಎಂಬುದೂ ತಿಳಿದಿರಲಿ. ಅದು ಕಂದಾಯದ ದಾಖಲೆ ಮಾತ್ರ.

ಪಹಣಿ ನೋಡುವಾಗ 11ನೇ ಕಾಲಂ ಬಿಡಬೇಡಿ. ನಮ್ಮ ಗದ್ದೆಯ ಪಹಣಿಯಲ್ಲಿ ಸೊಸೈಟಿಯ ಹಳೇ ಬೆಳೆ ಸಾಲವೊಂದು ಕೂತಿತ್ತು. ಅಪ್ಪ ಅದನ್ನು ಯಾವತ್ತೋ ತೀರಿಸಿದ್ದರು, ರಸೀದಿಯೂ ಇತ್ತು. ಪಹಣಿಯಿಂದ ತೆಗೆಸಿರಲಿಲ್ಲ. ಸೊಸೈಟಿಯಿಂದ ಋಣಮುಕ್ತ ಪತ್ರ ತಂದು ಕೊಟ್ಟ ಮೇಲೆ ಹೋಯಿತು.

ಗದ್ದೆಯ ಬಗ್ಗೆ ಅಪ್ಪನ ಡೈರಿಯಲ್ಲಿ ಒಂದು ಪುಟ ಬರಹ ಇತ್ತು, ಗದ್ದೆ ಮಗನಿಗೆ ಇರಲಿ ಎಂದು. ಕೆಳಗೆ ಸಹಿ. ಇದು ಉಯಿಲು ಆಗುತ್ತದಾ ಎಂದು ಶಿವಮೊಗ್ಗದ ವಕೀಲರನ್ನು ಕೇಳಿದೆ. ಉಯಿಲಿಗೆ ಛಾಪಾ ಕಾಗದ ಬೇಡ, ನೋಂದಣಿಯೂ ಕಡ್ಡಾಯವಲ್ಲ, ಆದರೆ ಇಬ್ಬರು ಸಾಕ್ಷಿಗಳು ಬೇಕೇ ಬೇಕು ಅಂದರು. ಅಪ್ಪನ ಪುಟದಲ್ಲಿ ಒಬ್ಬರೂ ಇರಲಿಲ್ಲ. ಸರಿಯಾದ ಉಯಿಲು ಇದ್ದಿದ್ದರೂ ಕೋರ್ಟಿನಿಂದ ಪ್ರೊಬೇಟ್, ಅಂದರೆ ಉಯಿಲು ಸರಿಯಿದೆ ಎಂಬ ದೃಢೀಕರಣ, ತರುವುದು ನಮ್ಮ ಕಡೆಯ ಆಸ್ತಿಗೆ ಕಡ್ಡಾಯವಲ್ಲವಂತೆ. ಆ ನಿಯಮ ಆಗ ಇದ್ದಿದ್ದು ಮುಂಬೈ, ಚೆನ್ನೈ, ಕೋಲ್ಕತ್ತ ಹಿಡಿದುಕೊಂಡು, 2025ರಲ್ಲಿ ಅದೂ ರದ್ದಾಯಿತು. ಕಾನೂನಿಗೆ ಆ ಪುಟ ಲೆಕ್ಕಕ್ಕಿಲ್ಲ ನಿಜ. ಅಕ್ಷರ ಮಾತ್ರ ಅಪ್ಪನದೇ. ನಾನೂ ತಂಗಿಯೂ ಗದ್ದೆಯ ನಮ್ಮ ಪಾಲಿಗೆ ತಮ್ಮನ ಹೆಸರಿಗೆ ಹಕ್ಕು ಬಿಡುಗಡೆ ಪತ್ರ ನೋಂದಾಯಿಸಿ ಕೊಟ್ಟೆವು. ಅಮ್ಮನೂ ಕೊಡಲು ಹೊರಟಿದ್ದರು. ನಾನೇ ತಡೆದೆ. ತಮ್ಮ ಒಳ್ಳೆಯವನು, ಅದರಲ್ಲಿ ಎರಡು ಮಾತಿಲ್ಲ. ಆದರೂ ಗಂಡ ಹೋದ ಹೆಣ್ಣಿನ ಹೆಸರು ಪಹಣಿಯಲ್ಲಿ ಉಳಿಯಬೇಕು. ಇದು ನನ್ನ ಹಟ.

ಬ್ಯಾಂಕಿನದು ಬೇರೆಯೇ ಕಥೆ. ಅಪ್ಪನ ಎಟಿಎಂ ಪಿನ್ ತಮ್ಮನಿಗೆ ಗೊತ್ತಿತ್ತು. ಅಡಿಕೆ ಮರ ಹತ್ತುವ ಕೊನೆಗಾರರ ಮಜೂರಿಗೆ ದುಡ್ಡು ಬೇಕಿತ್ತು. ತೆಗೆಯಬೇಡ ಅಂದೆ. ತೀರಿಕೊಂಡ ದಿನಾಂಕದ ನಂತರದ ಒಂದೊಂದು ಎಂಟ್ರಿಗೂ ನಾಳೆ ಯಾರಾದರೂ ಲೆಕ್ಕ ಕೇಳಬಹುದು. ಉಳಿತಾಯ ಖಾತೆಗೆ ಅಮ್ಮ ನಾಮಿನಿ ಆಗಿದ್ದರು, ಕಾಗದ ಕೊಟ್ಟ 15 ದಿನದೊಳಗೆ ಹಣ ಬಂತು. ನಾಮಿನಿಗೆ ಬಂದ ಹಣವೂ ವಾರಸುದಾರರೆಲ್ಲರದು. ನಾಮಿನಿ ಅದನ್ನು ಕೈಯಲ್ಲಿ ಹಿಡಿದುಕೊಂಡವರು, ಅಷ್ಟೇ. ಇನ್ನೊಂದು ಬ್ಯಾಂಕಿನ ಎಫ್‌ಡಿಯಲ್ಲಿ ನಾಮಿನಿ ಜಾಗ ಖಾಲಿ. ಅಲ್ಲಿ ಮೊದಲ ದಿನವೇ "ಸಕ್ಸೆಶನ್ ಸರ್ಟಿಫಿಕೇಟ್ ತನ್ನಿ" ಅಂದುಬಿಟ್ಟರು. ಇಂಥವರೇ ವಾರಸುದಾರರು ಎಂದು ಕೋರ್ಟು ಕೊಡುವ ಪತ್ರ ಅದು. ಅದಕ್ಕೆ ಕೋರ್ಟಿಗೆ ಹೋಗಬೇಕು, ನೋಟಿಸ್, ಪತ್ರಿಕೆ ಪ್ರಕಟಣೆ, ಶುಲ್ಕ, ತಿಂಗಳುಗಟ್ಟಲೆ ಅಲೆದಾಟ. ಸಣ್ಣ ಮೊತ್ತಕ್ಕೆ ಇದು ಬೇಕಾ, ಮುಂದೆ ನಷ್ಟವಾದರೆ ನಾವೇ ತುಂಬಿಕೊಡುತ್ತೇವೆ ಎಂಬ ಇಂಡೆಮ್ನಿಟಿ ಬಾಂಡ್ ಸಾಕಾಗಲ್ವಾ ಎಂದು ಬರಹದಲ್ಲಿ ಕೇಳಿದೆ. ಬಾಯಲ್ಲಿ ಆಗಲ್ಲ ಅಂದವರು ಬರಹಕ್ಕೆ ಆಗುತ್ತದೆ ಎಂದು ಉತ್ತರ ಕೊಟ್ಟರು. ಎಲ್ಲ ವಾರಸುದಾರರ ಸಹಿ, ಇಬ್ಬರು ಜಾಮೀನುದಾರರು, ಮುಗಿಯಿತು.

ಪಾಸ್‌ಬುಕ್ಕನ್ನು ಸಾಲು ಸಾಲಾಗಿ ಓದಿ. ವರ್ಷಕ್ಕೊಮ್ಮೆ 436 ರೂಪಾಯಿ ಹೋಗಿದ್ದರೆ ಅದು ಜೀವನ ಜ್ಯೋತಿ ವಿಮೆ, 20 ರೂಪಾಯಿ ಹೋಗಿದ್ದರೆ ಅಪಘಾತದ ಸುರಕ್ಷಾ ವಿಮೆ. ಎರಡರಲ್ಲೂ 2 ಲಕ್ಷದವರೆಗೆ ಇದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ. ಅಪ್ಪನ ವಯಸ್ಸಿಗೆ ಮೊದಲನೆಯದು ಇರಲಿಲ್ಲ. ಬದಲಿಗೆ ಅವರು ಹೋದ ಮೇಲೆ ಬಂದಿದ್ದ ಪಿಎಂ ಕಿಸಾನ್‌ನ 2,000 ರೂಪಾಯಿ ಕಂತು ಕಣ್ಣಿಗೆ ಬಿತ್ತು. ಅದನ್ನು ವಾಪಸು ಕಟ್ಟಿದೆವು.

ಅಡಿಕೆ ಮಾರಾಟದ ಸಹಕಾರ ಸಂಘವಾದ ಮ್ಯಾಮ್ಕೋಸ್‌ನ ಷೇರು, ಪಂಚಾಯ್ತಿಯ ಮನೆ ಖಾತೆ, ಬೈಕಿನ ಆರ್‌ಸಿ, ಗ್ಯಾಸು ಇವೆಲ್ಲ ಒಂದೊಂದು ದಿನದ ಕೆಲಸ. ಮರಣ ಪ್ರಮಾಣಪತ್ರದ ಹದಿನೈದು ಪ್ರತಿ ಒಟ್ಟಿಗೇ ಮಾಡಿಸಿಟ್ಟುಕೊಂಡಿದ್ದು ಇಲ್ಲಿ ಕೆಲಸಕ್ಕೆ ಬಂತು.

2024ರ ಚಳಿಗಾಲದಲ್ಲಿ ತೋಟದ ಹೊಸ ಪಹಣಿ ಕೈಗೆ ಬಂತು. ಸಣ್ಣತ್ತೆ ಆಮೇಲೆ ತಾವಾಗಿಯೇ ತಮ್ಮ ಪಾಲು ಬಿಟ್ಟುಕೊಟ್ಟರು. ದೊಡ್ಡತ್ತೆ ತಮ್ಮ ಹೆಸರು ಇರಲಿ ಅಂದರು. ಇದೆ. ವರ್ಷಕ್ಕೊಮ್ಮೆ ಅಡಿಕೆ ಲೆಕ್ಕ ಹಾಕಿ ಅವರ ಪಾಲನ್ನು ತಮ್ಮನೇ ಕೊಪ್ಪಕ್ಕೆ ಹೋಗಿ ಕೊಟ್ಟು ಬರುತ್ತಾನೆ.

ಪಂಪ್‌ಸೆಟ್ಟಿನ ಮೆಸ್ಕಾಂ ಮೀಟರ್ ಮಾತ್ರ ಇನ್ನೂ ಅಪ್ಪನ ಹೆಸರಿನಲ್ಲಿದೆ. ಅರ್ಜಿ ತುಂಬಿಸಿ ಟ್ರಂಕಿನ ಮೇಲೇ ಇಟ್ಟು ಬಂದಿದ್ದೆ. ಮೊನ್ನೆ ಫೋನಿನಲ್ಲಿ ಕೇಳಿದರೆ ತಮ್ಮ, "ಈ ಕೊಯ್ಲು ಮುಗೀಲಿ ಅಕ್ಕ, ಅದೊಂದು ಕಡೆ ಆದ್ರೂ ಅಪ್ಪನ ಹೆಸರು ಇರ್ಲಿ" ಅಂದ. ಕೊಯ್ಲು ಮುಗಿಯುವವರೆಗೆ ಸರಿ ಅಂದಿದ್ದೇನೆ.