ಸೋಮವಾರದ ಹಾಳೆ: ಭೌತವಿಜ್ಞಾನ ವಿಭಾಗದಲ್ಲಿ ನನ್ನ ಅನುಭವ

ವಿಜಯಪುರದ ಪದವಿ ಕಾಲೇಜೊಂದರಲ್ಲಿ ನಾನು ಭೌತವಿಜ್ಞಾನ ಕಲಿಸುತ್ತೇನೆ. ನಮ್ಮ ಪ್ರಯೋಗಾಲಯದ ಬಾಗಿಲ ಪಕ್ಕದ ನೋಟಿಸ್ ಬೋರ್ಡಿಗೆ ಪ್ರತಿ ಸೋಮವಾರ ಬೆಳಿಗ್ಗೆ, ಮೊದಲ ತರಗತಿಯ ಗಂಟೆ ಹೊಡೆಯುವ ಮುನ್ನ, ಕೈಬರಹದ ಒಂದು ಹಾಳೆಯನ್ನು ಹಚ್ಚುತ್ತೇವೆ. ಅದರ ನಡುವೆ ಉದ್ದಕ್ಕೆ ಒಂದು ಗೆರೆ ಇರುತ್ತದೆ. ಎಡಗಡೆ ಆ ವಾರ ವಿಭಾಗದಲ್ಲಿ ನಡೆಯುವ ಕೆಲಸಗಳು, ಬಲಗಡೆ ವಿದ್ಯಾರ್ಥಿಗಳು ಅರ್ಜಿ ಹಾಕಬಹುದಾದ ಅವಕಾಶಗಳು. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯಬೇಕೆಂಬುದು ನನಗೆ ಹೊಳೆಯಲು ಎರಡು ವರ್ಷ ಬೇಕಾಯಿತು.

ಇದೆಲ್ಲ ಆರಂಭವಾದದ್ದು ನನ್ನ ಕೈಯಿಂದಾದ ಒಂದು ತಪ್ಪಿನಿಂದ. ದೇಶದ ಮೂರು ವಿಜ್ಞಾನ ಅಕಾಡೆಮಿಗಳು, ಅಂದರೆ ಬೆಂಗಳೂರು, ನವದೆಹಲಿ ಮತ್ತು ಪ್ರಯಾಗರಾಜದವು, ಸೇರಿ ಬೇಸಿಗೆ ಸಂಶೋಧನಾ ಫೆಲೋಶಿಪ್ ಕೊಡುತ್ತವೆ. ಆಯ್ಕೆಯಾದ ವಿದ್ಯಾರ್ಥಿ ಎರಡು ತಿಂಗಳು ಒಬ್ಬ ವಿಜ್ಞಾನಿಯ ಜೊತೆ ಕೆಲಸ ಮಾಡುತ್ತಾನೆ. ರೈಲು ಖರ್ಚು ಮತ್ತು ಫೆಲೋಶಿಪ್ ಹಣ ಎರಡೂ ಸಿಗುತ್ತವೆ. ಆ ವರ್ಷ ನಾನು ಅದರ ಇಂಗ್ಲಿಷ್ ಪ್ರಕಟಣೆಯನ್ನು ಮುದ್ರಿಸಿ, ಬೋರ್ಡಿಗೆ ಹಚ್ಚಿ, ನನ್ನ ಕರ್ತವ್ಯ ಮುಗಿಯಿತೆಂದುಕೊಂಡೆ. ಡಿಸೆಂಬರಿನಲ್ಲಿ ಇಂಡಿ ಕಡೆಯ ಹಳ್ಳಿಯಿಂದ ಬರುವ ವಿದ್ಯಾರ್ಥಿನಿಯೊಬ್ಬಳು ಆ ಹಾಳೆಯ ಮುಂದೆ ನಿಂತು ಕೇಳಿದಳು: "ಸರ್, ಇದಕ್ಕ ನಾನೂ ಹಾಕಬಹುದಿತ್ತೇನ್ರಿ?" ಕೊನೆಯ ದಿನ ಕಳೆದುಹೋಗಿತ್ತು. ಮೊದಲೇ ಏಕೆ ಕೇಳಲಿಲ್ಲವೆಂದರೆ, "ಇದು ಬೆಂಗಳೂರಿನವರಿಗೆ ಇರ್ತದ ಅಂತ ತಿಳಕೊಂಡಿದ್ದೆ ರೀ" ಎಂದಳು. ತರಗತಿಯಲ್ಲಿ ಎಲ್ಲರಿಗಿಂತ ಹೆಚ್ಚು ಪ್ರಶ್ನೆ ಕೇಳುವ ಹುಡುಗಿ ಅವಳೇ ಆಗಿದ್ದಳು.

ಮರುವರ್ಷ ನಾನು ಎರಡು ಬದಲಾವಣೆ ಮಾಡಿದೆ. ಮೊದಲನೆಯದು, ಪ್ರಕಟಣೆಯನ್ನು ಇದ್ದಂತೆ ಹಚ್ಚುವುದನ್ನು ಬಿಟ್ಟು ಕನ್ನಡದಲ್ಲಿ ಬರೆಯತೊಡಗಿದೆ, ಅದೂ "ಬಿಎಸ್ಸಿ ಎರಡನೆಯ ವರ್ಷದವರು ಹಾಕಬಹುದು" ಎಂಬ ಸಾಲಿನಿಂದಲೇ ಆರಂಭಿಸಿ. ಎರಡನೆಯದು ಇನ್ನೂ ಮುಖ್ಯವಾದದ್ದು. ಕೊನೆಯ ದಿನಾಂಕವನ್ನು ಮೂಲೆಯಲ್ಲಿ ಚಿಕ್ಕದಾಗಿ ಬರೆದು, ಈ ವಾರ ಮಾಡಬೇಕಾದ ಒಂದೇ ಒಂದು ಕೆಲಸವನ್ನು ದೊಡ್ಡದಾಗಿ ಬರೆದೆ. ಕೊನೆಯ ದಿನ ಒಂದು ತಿಂಗಳು ದೂರವಿದೆ ಎಂದರೆ ಮಕ್ಕಳಿಗೆ ಅದು ಇನ್ನೂ ಬಂದಿಲ್ಲವೆಂದೇ ಅರ್ಥ, ಬಂದ ದಿನ ಅಂಕಪಟ್ಟಿ ಊರಲ್ಲಿರುತ್ತದೆ, ಫೋಟೊ ಇರುವುದಿಲ್ಲ, ಸೈಬರ್ ಸೆಂಟರಿನಲ್ಲಿ ಸರ್ವರ್ ಇರುವುದಿಲ್ಲ. ಹಾಗಾಗಿ ಒಂದು ಸೋಮವಾರ "ಎಲ್ಲ ಸೆಮಿಸ್ಟರಿನ ಅಂಕಪಟ್ಟಿ ಸ್ಕ್ಯಾನ್ ಮಾಡಿಸಿ ತನ್ನಿರಿ" ಎಂದಿದ್ದರೆ, ಮುಂದಿನ ಸೋಮವಾರ "ಶಿಫಾರಸು ಪತ್ರಕ್ಕೆ ಅಧ್ಯಾಪಕರನ್ನು ಕೇಳಿರಿ" ಎಂದಿರುತ್ತದೆ.

ಬಲಗಡೆಯ ಉಳಿದ ವಿಷಯಗಳು ಋತುಮಾನದಂತೆ ತಿರುಗಿ ಬರುತ್ತವೆ. ಸೆಪ್ಟೆಂಬರಿನಿಂದ ಜಾಮ್ ಅರ್ಜಿಯ ಕಾಲ. ಫೆಬ್ರುವರಿಯಲ್ಲಿ ನಡೆಯುವ ಈ ಪರೀಕ್ಷೆಯ ಮೂಲಕ ಐಐಟಿಗಳ ಎಂಎಸ್ಸಿಗೂ ಭಾರತೀಯ ವಿಜ್ಞಾನ ಸಂಸ್ಥೆಯ ಇಂಟಿಗ್ರೇಟೆಡ್ ಪಿಎಚ್‌ಡಿಗೂ ಪ್ರವೇಶ ದೊರೆಯುತ್ತದೆ. ಮೂರು ಗಂಟೆಯಲ್ಲಿ 60 ಪ್ರಶ್ನೆ, 100 ಅಂಕ, ಇಂಗ್ಲಿಷ್‌ನಲ್ಲಿ ಮಾತ್ರ. ಭೌತವಿಜ್ಞಾನ ಶಿಕ್ಷಕರ ಸಂಘವು ಪದವಿ ವಿದ್ಯಾರ್ಥಿಗಳಿಗಾಗಿ ನಡೆಸುವ ರಾಷ್ಟ್ರೀಯ ಪರೀಕ್ಷೆ, ಮುಂಬಯಿಯ ಹೋಮಿ ಭಾಭಾ ವಿಜ್ಞಾನ ಶಿಕ್ಷಣ ಕೇಂದ್ರದ ಪದವಿ ವಿದ್ಯಾರ್ಥಿಗಳ ಶಿಬಿರ, ಪುಣೆಯ ಖಗೋಳವಿಜ್ಞಾನ ಕೇಂದ್ರವಾದ ಅಯೂಕಾದ ರಜಾಕಾಲದ ಕಾರ್ಯಕ್ರಮ, ಇವಕ್ಕೂ ಅದರದರ ಸೋಮವಾರಗಳುಂಟು.

ಆದರೆ ಬಲಗಡೆಯನ್ನು ಎಷ್ಟು ಚೊಕ್ಕಟವಾಗಿ ಬರೆದರೂ ಅರ್ಜಿಗಳು ಒಂದು ಜಾಗದಲ್ಲಿ ಬಂದು ನಿಲ್ಲುತ್ತಿದ್ದವು. "ನಿಮಗೆ ಯಾವ ವಿಷಯದಲ್ಲಿ ಕೆಲಸ ಮಾಡುವ ಆಸಕ್ತಿ, ಏಕೆ?" ಎಂದು ಕೇಳುವ ಜಾಗ ಅದು. ಅಲ್ಲಿ ನಮ್ಮ ಮಕ್ಕಳು "ನನಗೆ ಬಾಲ್ಯದಿಂದಲೂ ವಿಜ್ಞಾನವೆಂದರೆ ಪ್ರೀತಿ" ಎಂದು ಬರೆದು ತರುತ್ತಿದ್ದರು. ಅದು ಸುಳ್ಳಲ್ಲ, ಆದರೆ ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಬರೆಯಲು ಅವರಲ್ಲಿ ಸ್ವಂತದ್ದೊಂದು ಪ್ರಶ್ನೆ ಇರಲಿಲ್ಲ. ಪಠ್ಯದಲ್ಲಿದ್ದ ಪ್ರಯೋಗವನ್ನು ಮಾಡಿ, ಬರಬೇಕಾದ ಉತ್ತರ ತಂದು, ರೆಕಾರ್ಡ್ ಬುಕ್ಕಿಗೆ ಸಹಿ ಹಾಕಿಸಿಕೊಂಡವರು ಅವರು. ಎಡಗಡೆಯ ಅಂಕಣ ಹುಟ್ಟಿದ್ದು ಈ ಕಾರಣಕ್ಕೆ.

ಬುಧವಾರ ಕೊನೆಯ ಅವಧಿಯಲ್ಲಿ ಲೆಕ್ಕ ಬಿಡಿಸುವ ಕೂಟ ನಡೆಯುತ್ತದೆ. ಶುಕ್ರವಾರ ಒಬ್ಬ ವಿದ್ಯಾರ್ಥಿ ಅರ್ಧ ಗಂಟೆ ಕನ್ನಡದಲ್ಲಿ ಮಾತಾಡುತ್ತಾನೆ, ಪಾರಿಭಾಷಿಕ ಪದಗಳನ್ನು ಇಂಗ್ಲಿಷ್‌ನಲ್ಲೇ ಇಟ್ಟುಕೊಂಡರೂ ಸರಿ. ತಿಂಗಳಿಗೊಮ್ಮೆ ಕಾಲೇಜಿನ ಗೋಡೆಯಾಚೆ ಹೋಗಿ ಏನನ್ನಾದರೂ ಅಳೆಯುತ್ತೇವೆ. ನಮ್ಮೂರು ಕರ್ಕಾಟಕ ವೃತ್ತದ ದಕ್ಷಿಣಕ್ಕಿರುವುದರಿಂದ ವರ್ಷದಲ್ಲಿ ಎರಡು ದಿನ, ಮೇ ಮತ್ತು ಆಗಸ್ಟ್ ತಿಂಗಳ ಮೊದಲ ವಾರದ ಸುಮಾರಿಗೆ, ಸೂರ್ಯ ನೇರ ನೆತ್ತಿಯ ಮೇಲೆ ಬರುತ್ತಾನೆ. ಆಗಸ್ಟ್ ತಿಂಗಳಲ್ಲಿ ಆ ಗಳಿಗೆ ಹನ್ನೆರಡಕ್ಕಲ್ಲ, 12 ಗಂಟೆ 33 ನಿಮಿಷದ ಹೊತ್ತಿಗೆ ಬರುತ್ತದೆ. ಮಾಳಿಗೆಯ ಮೇಲೆ ಬೋರಲು ಹಾಕಿದ ಸ್ಟೀಲ್ ಲೋಟದ ನೆರಳು ಕಿರಿದಾಗುತ್ತ ಲೋಟದ ಅಂಚಿನೊಳಗೇ ಸೇರಿಹೋದಾಗ, ಗಡಿಯಾರಕ್ಕೂ ಸೂರ್ಯನಿಗೂ ಇಷ್ಟು ಅಂತರ ಏಕೆಂದು ಒಬ್ಬ ಹುಡುಗ ಕೇಳಿದ. ಮುಂದಿನ ಶುಕ್ರವಾರದ ಮಾತು ಅವನದೇ ಆಯಿತು.

ಎಲ್ಲಕ್ಕಿಂತ ಹೆಚ್ಚು ಕಲಿಸಿದ್ದು ಗೋಳಗುಮ್ಮಟ. ನಮ್ಮ ಮಕ್ಕಳೆಲ್ಲ ಶಾಲೆಯ ಪ್ರವಾಸದಲ್ಲಿ ಅದರ ಪಿಸುಗುಟ್ಟುವ ಗ್ಯಾಲರಿಯಲ್ಲಿ ಕೂಗಿ ಬಂದವರೇ, ಆದರೆ ಅಳೆದವರು ಯಾರೂ ಇರಲಿಲ್ಲ. ಒಂದು ಭಾನುವಾರ ಜನ ಬರುವ ಮುನ್ನವೇ ಮೆಟ್ಟಿಲು ಹತ್ತಿ, ಫೈಫಾಕ್ಸ್ ಎಂಬ ಉಚಿತ ಆ್ಯಪ್ ಹಾಕಿದ ಎರಡು ಮೊಬೈಲುಗಳನ್ನು ಎದುರುಬದುರು ಗೋಡೆಗಳ ಬುಡದಲ್ಲಿ ಇಟ್ಟೆವು. ಈ ಆ್ಯಪ್‌ನಲ್ಲಿ ಸದ್ದಿಗೆ ಶುರುವಾಗಿ ಸದ್ದಿಗೆ ನಿಲ್ಲುವ ಸ್ಟಾಪ್‌ವಾಚ್ ಇದೆ. ಈಚೆಯವಳು ಚಪ್ಪಾಳೆ ತಟ್ಟಿದರೆ ಎರಡೂ ಶುರುವಾಗುತ್ತವೆ, ಆಚೆಯವನು ತಟ್ಟಿದರೆ ಎರಡೂ ನಿಲ್ಲುತ್ತವೆ. ಎರಡರ ವ್ಯತ್ಯಾಸವೆಂದರೆ ಸದ್ದು ಒಮ್ಮೆ ಹೋಗಿ ಬರುವಷ್ಟು ಕಾಲ. ಮೊದಲ ಅಳತೆಗಳೆಲ್ಲ ಕೆಟ್ಟವು, ಏಕೆಂದರೆ ಗುಮ್ಮಟ ತನ್ನ ಪ್ರತಿಧ್ವನಿಯಿಂದಲೇ ಗಡಿಯಾರವನ್ನು ನಿಲ್ಲಿಸಿಬಿಡುತ್ತಿತ್ತು. ಕೆಲವು ಸೆಕೆಂಡು ಕಿವಿಗೊಡದಂತೆ ಆ್ಯಪ್‌ನಲ್ಲಿ ಹೊಂದಿಸಿ, ಪ್ರತಿಧ್ವನಿ ಅಡಗುವವರೆಗೆ ಕಾದು ಮತ್ತೆ ತಟ್ಟಿದಾಗ 0.22 ಸೆಕೆಂಡಿನ ಆಸುಪಾಸಿಗೆ ಅಂಕಿಗಳು ಬಂದವು. ಒಳವ್ಯಾಸ ಸುಮಾರು 38 ಮೀಟರ್, ಹೋಗಿ ಬರಲು 76 ಮೀಟರ್, ಸದ್ದಿನ ವೇಗಕ್ಕೆ ಅದು ಸರಿಹೊಂದುತ್ತಿತ್ತು, ಆದ್ದರಿಂದ ಚಪ್ಪಾಳೆ ನೇರವಾಗಿ ದಾಟಿ ಬಂದಿತ್ತು. ಗೋಡೆ ಬಳಸಿ ಬಂದಿದ್ದರೆ 0.34 ಸೆಕೆಂಡು ಆಗಬೇಕಿತ್ತು. ಹಾಗಾದರೆ ಪಿಸುಮಾತು ಗೋಡೆಗುಂಟ ಹರಿದು ಬರುತ್ತದೆಂದು ಇಂಗ್ಲಿಷ್ ಭೌತವಿಜ್ಞಾನಿ ರ‍್ಯಾಲಿ ಹೇಳಿದ್ದು ಇಲ್ಲಿ ಹೇಗೆ ಕಾಣಬೇಕು? ಸಿ. ವಿ. ರಾಮನ್ನರು 1921ರಲ್ಲಿ ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಇಂಥದೇ ಗ್ಯಾಲರಿಯಲ್ಲಿ ಪ್ರಯೋಗ ಮಾಡಿದ್ದರೆಂದು ನಾನು ಹೇಳಿದೆ. ಉತ್ತರ ಮಾತ್ರ ಹೇಳಲಿಲ್ಲ.

ಅಂದು ಚಪ್ಪಾಳೆ ತಟ್ಟಿದವಳು ಆ ವರ್ಷದ ಬೇಸಿಗೆ ಫೆಲೋಶಿಪ್ ಅರ್ಜಿಯಲ್ಲಿ ಇದನ್ನೇ ಬರೆದಳು: ಕೆಟ್ಟ ಅಳತೆಗಳು, ಅವು ಕೆಟ್ಟ ಕಾರಣ, ಉಳಿದುಹೋದ ಪ್ರಶ್ನೆ. ನಾಲ್ಕು ಸಲ ತಿದ್ದಿದಳು, ನಾನು ಇಂಗ್ಲಿಷ್ ವ್ಯಾಕರಣವನ್ನಷ್ಟೇ ಮುಟ್ಟಿದೆ. ನನ್ನ ಶಿಫಾರಸು ಪತ್ರವೂ ಬದಲಾಯಿತು. ಮೊದಲೆಲ್ಲ "ಶ್ರದ್ಧಾವಂತೆ, ಶಿಸ್ತಿನವಳು" ಎಂದು ಎಲ್ಲರಿಗೂ ಅದನ್ನೇ ಬರೆಯುತ್ತಿದ್ದ ನಾನು, ಈ ಸಲ ಗಡಿಯಾರ ಹುಸಿಯಾಗುತ್ತಿರುವುದನ್ನು ಮೊದಲು ಗುರುತಿಸಿದವಳು ಇವಳೇ ಎಂದು ಬರೆದೆ.

ಅವಳು ಆಯ್ಕೆಯಾದಳು. ಆದರೆ ಅದು ಅಲ್ಲಿಗೆ ಮುಗಿಯಲಿಲ್ಲ. ಅವಳ ತಂದೆ ಫೋನ್ ಮಾಡಿ, "ಹೆಣ್ಣುಮಗಳನ್ನ ಎರಡು ತಿಂಗಳ ಅಷ್ಟ ದೂರ ಹೆಂಗ ಬಿಡೂದ್ರಿ ಸರ್?" ಎಂದರು. ಅವರ ಚಿಂತೆ ನ್ಯಾಯವಾದದ್ದೇ. ನಮ್ಮ ವಿಭಾಗದ ಮೇಡಂ ಒಬ್ಬರು ಸಂಸ್ಥೆಯ ಹಾಸ್ಟೆಲ್ ವಾರ್ಡನ್ನರ ಜೊತೆ ಅವರನ್ನು ಮಾತಾಡಿಸಿದರು. ಕೊನೆಗೆ ತಂದೆಯೇ ಮಗಳೊಂದಿಗೆ ಗೋಳಗುಂಬಜ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರಿನವರೆಗೆ ಹೋಗಿ, ಕೋಣೆ ನೋಡಿ, ಊಟ ಮಾಡಿ ಬಂದರು. ಅಂದಿನಿಂದ ಬಲಗಡೆಯ ಅಂಕಣದಲ್ಲಿ ಪ್ರತಿ ಅವಕಾಶದ ಕೆಳಗೆ "ವಸತಿ ಎಲ್ಲಿ, ಯಾರನ್ನು ಕೇಳಬೇಕು" ಎಂಬ ಸಾಲನ್ನೂ ಸೇರಿಸುತ್ತೇವೆ.

ಈಗ ಹಾಳೆ ಬರೆಯುವುದು ನಾನಲ್ಲ. ಎರಡನೆಯ ವರ್ಷದ ಇಬ್ಬರು ಶನಿವಾರ ಸಂಜೆ ಕುಳಿತು ಸಂಸ್ಥೆಗಳ ಪ್ರಕಟಣೆಗಳನ್ನು ಒಂದೊಂದಾಗಿ ನೋಡಿ ಬರೆಯುತ್ತಾರೆ, ನಾನು ದಿನಾಂಕಗಳನ್ನು ಮಾತ್ರ ತಾಳೆ ನೋಡುತ್ತೇನೆ. ಈ ವಾರದ ಎಡಗಡೆಯಲ್ಲಿ ಮತ್ತೆ ಗುಮ್ಮಟವಿದೆ: ಗೋಡೆಗೆ ಅಡ್ಡಲಾಗಿ ಡ್ರಾಯಿಂಗ್ ಬೋರ್ಡ್ ಹಿಡಿದರೆ ಪಿಸುಮಾತು ಕುಂದುತ್ತದೆಯೇ, ನೋಡಬೇಕು, ಭಾನುವಾರ ಬೆಳಿಗ್ಗೆ ಆರಕ್ಕೆ ಗೇಟಿನ ಮುಂದೆ ಸೇರಬೇಕು.