ಬಟ್ಟಲಿಗಲ್ಲ, ಊಟಕ್ಕೇ ನೀರು

ನಮ್ಮ ಬೆಕ್ಕು ಕರಿಯನಿಗೆ ಕೊನೆಯ ಸಲ ಮೂತ್ರ ಕಟ್ಟಿದ್ದು ಎರಡು ವರ್ಷದ ಹಿಂದೆ. ಆಮೇಲೆ ಒಂದು ಸಲವೂ ಇಲ್ಲ. ಡ್ರೈ ಫುಡ್ ನೆನೆಸಿ ಹಾಕಿದ್ರೆ ಯಾವ ಬೆಕ್ಕೂ ಮುಟ್ಟಲ್ಲ, ಸುಮ್ನೆ ಆಪರೇಷನ್ ಮಾಡಿಸಿ ಅಂತ ಹೇಳಿದವರೇ ಈಗ ಫೋನ್ ಮಾಡಿ ನೆನೆಸುವ ನೀರಿನ ಅಳತೆ ಕೇಳುತ್ತಿದ್ದಾರೆ. ಅದಕ್ಕೇ ಬರೆದಿಡುತ್ತಿದ್ದೇನೆ.

ಕ್ಯಾಥೆಟರ್, ಡ್ರಿಪ್, ರಾತ್ರಿ ಅಡ್ಮಿಷನ್ ಎಲ್ಲ ಸೇರಿ ಪ್ರತಿ ಸಲ 20 ಸಾವಿರದ ಆಸುಪಾಸು ಹೋಗುತ್ತಿತ್ತು. ಟೆಸ್ಟ್‌ನಲ್ಲಿ ಮೂತ್ರದಲ್ಲಿ ಸ್ಟ್ರುವೈಟ್ ಅನ್ನೋ ಹರಳು ಬಂತು. ಅಷ್ಟಾದರೂ ಪುಣ್ಯ, ಅದು ಡಯಟ್‌ನಿಂದ ಕರಗುತ್ತದೆ. ಕ್ಯಾಲ್ಸಿಯಂ ಆಕ್ಸಲೇಟ್ ಹರಳಾಗಿದ್ದರೆ ಕರಗುವ ಮಾತೇ ಇಲ್ಲ.

ನೀರು ಹೆಚ್ಚು ಕುಡಿಯಲಿ ಅಂತ ಮೊದಲು ಕಾರಂಜಿ ಬಟ್ಟಲು ತಂದೆವು, ಎರಡೂವರೆ ಸಾವಿರ. ಒಂದು ವಾರ ಪಂಜ ಹಾಕಿ ಆಡಿದ, ಕುಡಿಯಲಿಲ್ಲ. ಬೋರ್ ನೀರಿಂದಲೇ ಕಲ್ಲು ಆಗೋದು ಅಂತ ಪಕ್ಕದ ಮನೆ ಆಂಟಿ ಹೇಳಿದ್ದಕ್ಕೆ ಬೋರ್, ಕಾವೇರಿ, ಕ್ಯಾನ್ ನೀರು ಮೂರನ್ನೂ ಸರದಿ ಪ್ರಕಾರ ಇಟ್ಟು ಅಳೆದೆ. ಕುಡಿದದ್ದು ಹೆಚ್ಚುಕಮ್ಮಿ ಅಷ್ಟೇ. ಬರೀ ಪೌಚ್ (ಪೊಟ್ಟಣದ ಹಸಿ ಫುಡ್) ಹಾಕಿದರೆ ಒಳ್ಳೆಯದೇ, ಅದರಲ್ಲಿ ಮುಕ್ಕಾಲು ಭಾಗ ನೀರೇ ಇರುತ್ತದೆ, ಆದರೆ ತಿಂಗಳಿಗೆ 5 ಸಾವಿರ ದಾಟಿತು, ಮನೆಯಲ್ಲಿ ಇನ್ನೂ ಎರಡು ಬೆಕ್ಕಿವೆ.

ಆಮೇಲೆ ಕೂತು ಲೆಕ್ಕ ಹಾಕಿದೆ. ಬೆಕ್ಕಿಗೆ ದಿನಕ್ಕೆ ಕೆಜಿಗೆ ಸುಮಾರು 50 ಎಂಎಲ್ ನೀರು ಬೇಕು. ಐದು ಕೆಜಿಯ ಇವನಿಗೆ 250. ದಿನದ 60 ಗ್ರಾಂ ಡ್ರೈ ಫುಡ್‌ನಲ್ಲಿ ಸಿಗುವುದು ಆರೇ ಎಂಎಲ್. ಬೆಕ್ಕಿನ ಮೂಲ ಮರುಭೂಮಿ ಕಡೆ, ಬಾಯಾರಿಕೆ ಕಮ್ಮಿ, ಮೂತ್ರವನ್ನೇ ಗಟ್ಟಿ ಮಾಡಿಕೊಂಡು ಬದುಕುತ್ತದೆ. ಉಳಿದದ್ದನ್ನು ಬಟ್ಟಲಿಂದ ಕುಡಿದು ತುಂಬಿಸಿಕೊಳ್ಳುವ ಪ್ರಾಣಿ ಅದಲ್ಲ.

ಹಾಗಾಗಿ ಡಾಕ್ಟರ್ ಬರೆದುಕೊಟ್ಟ ಯೂರಿನರಿ ಡ್ರೈ ಫುಡ್ಡಿಗೇ ಉಗುರು ಬೆಚ್ಚಗಿನ ನೀರು ಒಂದು ಟೀ ಚಮಚ ಹಾಕಿ ಶುರು ಮಾಡಿದೆ. ಮೂರು ನಾಲ್ಕು ದಿನಕ್ಕೊಂದು ಚಮಚ ಏರಿಸಿದೆ. ಮೂಸಿ ಎದ್ದು ಹೋದರೆ ಒಂದು ಚಮಚ ಹಿಂದಕ್ಕೆ. ಹಸಿದರೆ ತಾನೇ ತಿಂತಾನೆ ಅಂತ ಕಾಯಲೇಬೇಡಿ, ಬೆಕ್ಕು ಎರಡು ಮೂರು ದಿನ ಊಟ ಬಿಟ್ಟರೆ ಲಿವರ್‌ಗೆ ಕೊಬ್ಬು ತುಂಬಿಕೊಂಡು ಅದೇ ದೊಡ್ಡ ಕಾಯಿಲೆ ಆಗಬಹುದು. ಈಗ 60 ಗ್ರಾಂಗೆ 120 ಎಂಎಲ್ ನೀರು ಹಿಡಿಯುತ್ತದೆ, ನಾಲ್ಕು ಊಟದಲ್ಲಿ ಹಂಚಿ ಹಾಕುತ್ತೇನೆ. ಏಪ್ರಿಲ್ ಬಿಸಿಲಲ್ಲಿ ನೆನೆಸಿದ್ದು ಒಂದು ಗಂಟೆ ಮೇಲೆ ಇಡಲ್ಲ, ಚೆಲ್ಲುತ್ತೇನೆ.

ನೀರಿನಲ್ಲಿ ಎರಡು ಚಮಚ ಕೋಳಿ ಹೃದಯ ಬೇಯಿಸಿದ ರಸ. ಬೆಕ್ಕಿನ ಹೃದಯಕ್ಕೂ ಕಣ್ಣಿಗೂ ಬೇಕಾದ ಟಾರಿನ್ ಅನ್ನೋ ಪೋಷಕಾಂಶ ಬಹಳಷ್ಟು ಬೇಯಿಸಿದ ನೀರಿಗೇ ಇಳಿಯುತ್ತದೆ, ಅದನ್ನು ಚೆಲ್ಲಬಾರದು. ಬೆಂಗಳೂರಿನ ರಸೆಲ್ ಮಾರ್ಕೆಟ್‌ನಲ್ಲಿ ಹೃದಯ ಅಗ್ಗ. ಉಪ್ಪು ಹಾಕಬಾರದು, ಈರುಳ್ಳಿ ಬೆಳ್ಳುಳ್ಳಿ ಸೋಕಲೇಬಾರದು, ರಕ್ತದ ಕೆಂಪು ಕಣ ಒಡೆಯುತ್ತವೆ. ಸಾರಿನ ಪೀಸನ್ನೇ ತೊಳೆದು ಹಾಕಿದ್ರೆ ಸಾಲದೇನೋ ಅಂತ ಅಮ್ಮ ಈಗಲೂ ಕೇಳುತ್ತಾರೆ. ಸಾಲಲ್ಲ, ಈರುಳ್ಳಿ ಬೆಳ್ಳುಳ್ಳಿ ತೊಳೆದರೆ ಹೋಗಲ್ಲ. ಮೇಲೆ ಒಂದು ಚಿಟಿಕೆ ಪುಡಿ ಉದುರಿಸುತ್ತೇನೆ. ಡಾಕ್ಟರ್‌ಗೆ ತೋರಿಸಿದ್ದೇನೆ, ಆದರೆ ಏನು ಅಂತ ಇಲ್ಲಿ ಹೇಳಲ್ಲ.

ಇದು ಕೆಲಸ ಮಾಡ್ತಿದೆ ಅಂತ ಗೊತ್ತಾಗಿದ್ದು ಹೇಗೆ ಅಂದ್ರೆ, ಲಿಟರ್ (ಬೆಕ್ಕು ಮೂತ್ರ ಮಾಡುವ ಮರಳು) ಉಂಡೆಗಳನ್ನು ಕವರಿಗೆ ಹಾಕಿ ತಕ್ಕಡಿಯಲ್ಲಿ ತೂಗುತ್ತಿದ್ದೆ. ಎರಡು ತಿಂಗಳಲ್ಲಿ ತೂಕ ಹತ್ತಿರ ಹತ್ತಿರ ಎರಡು ಪಟ್ಟು. ಯೂರಿನ್ ಟೆಸ್ಟ್‌ನಲ್ಲಿ 1.050ರ ಮೇಲಿದ್ದ ಗಾಢತೆ 1.030ರ ಸುತ್ತ ಇಳಿಯಿತು, ಅಂದ್ರೆ ಮೂತ್ರ ತೆಳುವಾಯಿತು. ಡಾಕ್ಟರೇ ಎರಡು ಸಲ ನೋಡಿದರು. ಖರ್ಚು ಈಗ ತಿಂಗಳಿಗೆ 2,300 ಇರಬಹುದು. ಆದರೂ ಗಂಡು ಬೆಕ್ಕು ಲಿಟರ್ ಬಾಕ್ಸಿಗೆ ಹೋಗಿ ಹೋಗಿ ಬಂದು ಒಂದು ಹನಿಯೂ ಬರಲಿಲ್ಲ ಅಂದ್ರೆ ಬೆಳಗಿನ ತನಕ ಕಾಯಬೇಡಿ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲಬಹುದು.

ಹೋದ ಬೇಸಿಗೆಯಲ್ಲಿ ಇದನ್ನೇ ನಮ್ಮ ಗಲ್ಲಿ ನಾಯಿಗಳಿಗೂ ಮಾಡಿ ನೋಡಿದೆ. ನಾಯಿ ತೇಕಿ ತೇಕಿಯೇ ಮೈ ತಂಪು ಮಾಡಿಕೊಳ್ಳುವುದು, ಆಗ ಬಾಯಿಂದ ಬಹಳ ನೀರು ಹೋಗುತ್ತದೆ. ಗಟ್ಟಿ ಅನ್ನದ ಬದಲು ಉಪ್ಪಿಲ್ಲದ ತೆಳು ರಾಗಿ ಅಂಬಲಿಗೆ ಕೋಳಿ ಚೂರು ಹಾಕಿ ಕೊಟ್ಟರೆ ಪಾತ್ರೆ ನೆಕ್ಕಿ ಖಾಲಿ ಮಾಡುತ್ತಿದ್ದವು. ಬಿಸಿಲಲ್ಲಿದ್ದ ನೀರಿನ ಸ್ಟೀಲ್ ಬಟ್ಟಲನ್ನು ಮೂಸಿ ಬಿಟ್ಟು ಹೋಗುತ್ತಿದ್ದವು, ಹೊಂಗೆ ಮರದ ನೆರಳಿನ ಸಿಮೆಂಟ್ ತೊಟ್ಟಿಗೆ ಬಂದವು. ತೊಟ್ಟಿ ಮಾತ್ರ ದಿನಾ ಉಜ್ಜಿ ತುಂಬಬೇಕು, ಇಲ್ಲದಿದ್ದರೆ ಸೊಳ್ಳೆ ಮರಿ ಆಗಿ ರಸ್ತೆಯವರೆಲ್ಲ ಬೈಯುತ್ತಾರೆ.